ಶ್ರದ್ಧಾಂಜಲಿ ಪುಟದ ಅಂಕಿಗಳು

ಮುಂಬಯಿಯ ಕನ್ನಡ ಪತ್ರಿಕೆ ಕೈಗೆ ಸಿಕ್ಕಿದ ಕೂಡಲೇ ಮೊದಲು ನಿಧನದ ಸುದ್ದಿ ಹುಡುಕುವವರು ನಮ್ಮಲ್ಲಿ ಕಡಿಮೆಯಿಲ್ಲ. ಹೋದವರು ಯಾರು, ಊರಲ್ಲಿ ಯಾವ ಮನೆಯವರು, ಯಾರಿಗೆ ಭಾವ, ಉತ್ತರಕ್ರಿಯೆಯ ಬೊಜ್ಜ ಎಲ್ಲಿ, ಯಾವಾಗ. ಆ ಸುದ್ದಿಯ ಅಚ್ಚು ಎಷ್ಟೋ ವರ್ಷಗಳಿಂದ ಒಂದೇ: ಡೊಂಬಿವಲಿ ಪೂರ್ವದ ನಿವಾಸಿ, ಮೂಲತಃ ಕಾರ್ಕಳದವರು, ಹೋಟೆಲು ಉದ್ಯಮಿ, ಹೃದಯಾಘಾತದಿಂದ ನಿಧನರಾದರು, ಪತ್ನಿ, ಮಕ್ಕಳು ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ. ಹೆಸರಿನ ಪಕ್ಕದಲ್ಲಿ ಕಂಸದೊಳಗೆ ಒಂದು ಅಂಕಿ ಇರುತ್ತದೆ. ಅದನ್ನು ನೋಡಿ ‘ಛೆ, ಹೋಗುವ ವಯಸ್ಸಲ್ಲ’ ಎಂದು ಒಮ್ಮೆ ಹೇಳಿ ಪುಟ ಮಗುಚುತ್ತೇವೆ.

ಆ ಅಂಕಿಯ ಬಗ್ಗೆಯೇ ಈ ಬರಹ. ಕಂಸದೊಳಗೆ ಐವತ್ತರ ಆಸುಪಾಸಿನ ಅಂಕಿಗಳು ಬೇಕಾದ್ದಕ್ಕಿಂತ ಹೆಚ್ಚು ಸಲ ಕಾಣುತ್ತಿವೆ ಎಂಬ ಅನುಮಾನ ನನ್ನದು. ಇದನ್ನು ಅನುಮಾನ ಎಂದೇ ಕರೆಯಬೇಕು. ಎಳೆಯ ಸಾವು ಕಣ್ಣಿಗೆ ಚುಚ್ಚುತ್ತದೆ, ತೊಂಬತ್ತರ ಅಜ್ಜಿಯ ಸಾವು ಚುಚ್ಚುವುದಿಲ್ಲ. ಮೇಲಾಗಿ ಆ ಪುಟಕ್ಕೆ ಎಲ್ಲರೂ ಬರುವುದಿಲ್ಲ. ಫೋಟೋ ಹಾಕಿಸುವ ಮಕ್ಕಳಿದ್ದವರು ಬರುತ್ತಾರೆ. ಹೋಟೆಲಿನ ಹಿಂಬದಿಯ ಖೋಲಿಯಲ್ಲಿ ಹತ್ತು ಜನರೊಂದಿಗೆ ಮಲಗುತ್ತಿದ್ದವನು ಸತ್ತರೆ ಬರುವುದಿಲ್ಲ. ಸೀಕು ಜೋರಾದಾಗ ಊರಿಗೆ ಹೋಗಿ ಅಲ್ಲೇ ಕಣ್ಣುಮುಚ್ಚಿದವನ ಸಾವು ಉಡುಪಿಯ ಲೆಕ್ಕಕ್ಕೆ ಸೇರುತ್ತದೆ, ಡೊಂಬಿವಲಿಯದಕ್ಕಲ್ಲ. ಮೂವತ್ತು ವರ್ಷ ಅವನ ಉಸಿರಿನೊಳಗೆ ಹೋದದ್ದು ಡೊಂಬಿವಲಿಯ ಗಾಳಿ. ಅನುಮಾನ ಸರಿಯೋ ತಪ್ಪೋ ಹೇಳಬಲ್ಲ ಪುಸ್ತಕ ನಮ್ಮ ಯಾವ ಕಪಾಟಿನಲ್ಲೂ ಇಲ್ಲ. ಎಚ್ಚರಿಕೆಯ ಗಂಟೆ ಬಾರಿಸಬೇಕಾದದ್ದು ಮೊದಲು ಇದರ ಬಗ್ಗೆ.

ಠಾಣೆ, ಡೊಂಬಿವಲಿ, ನವಿಮುಂಬಯಿಯ ಈ ಪಟ್ಟಿಯಲ್ಲಿ ವಾಸಿಸುವ ನಮಗೆ ಎಚ್ಚರಿಕೆ ಎಂದರೆ ಕಣ್ಣಿಗೆ ಕಾಣಬೇಕು, ಇಲ್ಲವೇ ಕಿವಿಗೆ ಬಡಿಯಬೇಕು. 2014ರ ಜನವರಿಯಲ್ಲಿ ಡೊಂಬಿವಲಿಯ ಎಂ.ಐ.ಡಿ.ಸಿ. ಕೈಗಾರಿಕಾ ಪ್ರದೇಶದ ಬಳಿ ಹಸಿರು ಮಳೆ ಬಿತ್ತು. 2017ರ ಆಗಸ್ಟಿನಲ್ಲಿ ನವಿಮುಂಬಯಿಯ ತಳೋಜದಲ್ಲಿ ಬೀದಿನಾಯಿಗಳು ನೀಲಿಯಾದವು, ಕಾಸಾಡಿ ನದಿಗೆ ಬಿಟ್ಟ ಬಣ್ಣದ ನೀರು ಅವುಗಳ ಮೈಗೆ ಹತ್ತಿತ್ತು. 2020ರ ಫೆಬ್ರವರಿಯಲ್ಲಿ ಡೊಂಬಿವಲಿಯ ರಸ್ತೆಯೇ ಗುಲಾಬಿಯಾಯಿತು, ಮುಖ್ಯಮಂತ್ರಿಯೇ ಬಂದು ನೋಡಿಹೋದರು. ಮೂರು ಸಲವೂ ಫೋಟೋಗಳು ದೇಶವೆಲ್ಲ ಸುತ್ತಿದವು. ನೀಲಿ ನಾಯಿಯನ್ನು ಕಂಡು ನಕ್ಕವರೂ ಇದ್ದರು. ಬಣ್ಣವಿಲ್ಲದ ಹೊಗೆ, ವಾಸನೆಯಿಲ್ಲದ ದ್ರಾವಕ, ಮಧ್ಯರಾತ್ರಿ ಬಿಟ್ಟು ಬೆಳಗಾಗುವಷ್ಟರಲ್ಲಿ ಚದುರಿಹೋಗುವ ಗ್ಯಾಸಿಗೆ ಮಾತ್ರ ಫೋಟೋದ ಭಾಗ್ಯವಿಲ್ಲ.

ಸದ್ದಿನ ಎಚ್ಚರಿಕೆಗಳೂ ಬಂದವು. 2016ರ ಮೇ 26ರಂದು ಡೊಂಬಿವಲಿಯ ಪ್ರೊಬೇಸ್ ಕಾರ್ಖಾನೆ ಸಿಡಿದು ಹನ್ನೆರಡು ಮಂದಿ ಸತ್ತರು, ಗಾಯಗೊಂಡವರು ಇನ್ನೂರಕ್ಕೂ ಹೆಚ್ಚು. ಎಂಟು ವರ್ಷ ತುಂಬಲು ಮೂರು ದಿನ ಬಾಕಿಯಿರುವಾಗ, 2024ರ ಮೇ 23ರಂದು, ಅದೇ ಎಂ.ಐ.ಡಿ.ಸಿ.ಯಲ್ಲಿ ಅಮುದಾನ್ ಕೆಮಿಕಲ್ಸ್ ಸಿಡಿಯಿತು. ದೂರದ ಮನೆಗಳ ಕಿಟಕಿ ಗಾಜುಗಳೂ ಪುಡಿಯಾದವು. ಆ ಸಲ ಸತ್ತವರು ಹತ್ತಕ್ಕೂ ಹೆಚ್ಚು. ಕೆಲವರ ದೇಹ ಗುರುತು ಸಿಗದಷ್ಟು ಛಿದ್ರವಾಗಿದ್ದರಿಂದ ಸತ್ತವರ ಲೆಕ್ಕ ಹಿಡಿಯುವುದಕ್ಕೇ ಡಿ.ಎನ್.ಎ. ಪರೀಕ್ಷೆ ಬೇಕಾಯಿತು. ಎರಡು ಸ್ಫೋಟಗಳ ನಡುವೆ, 2022ರಲ್ಲಿ, ನೂರೈವತ್ತಕ್ಕೂ ಹೆಚ್ಚು ಅಪಾಯಕಾರಿ ಕಾರ್ಖಾನೆಗಳನ್ನು ಪಾತಾಳಗಂಗಾ ಕಡೆಗೆ ಸಾಗಿಸುವುದಾಗಿ ಸರಕಾರ ಘೋಷಿಸಿತ್ತು. ಘೋಷಣೆ ಕಾಗದದಲ್ಲಿತ್ತು, ರಿಯಾಕ್ಟರು ಡೊಂಬಿವಲಿಯಲ್ಲೇ ಇತ್ತು.

ಕಾರ್ಖಾನೆ ಮೊದಲು ಬಂತೋ, ಮನೆ ಮೊದಲು ಬಂತೋ ಎಂಬ ವಾದ ನಮ್ಮ ಕಟ್ಟಡಗಳ ಸೊಸೈಟಿ ಸಭೆಗಳಲ್ಲಿ ಇಂದಿಗೂ ಮುಗಿದಿಲ್ಲ. ಎಂ.ಐ.ಡಿ.ಸಿ. 1960ರ ದಶಕದ್ದು. ಅಂದು ನಡುವೆ ಇದ್ದ ಖಾಲಿ ಜಾಗವನ್ನು ಆಮೇಲೆ ಕಟ್ಟಡಗಳು ನುಂಗಿದವು, ಅದರಲ್ಲಿ ಫ್ಲ್ಯಾಟು ಕೊಂಡವರಲ್ಲಿ ನಾವೂ ಇದ್ದೇವೆ. ದಾದರದಲ್ಲಿ ಒಂದು ಖೋಲಿಗೆ ಸಾಲದ ದುಡ್ಡಿಗೆ ಇಲ್ಲಿ ಎರಡು ಕೋಣೆ, ಅಡುಗೆಮನೆ, ಬಾಲ್ಕನಿ ಸಿಕ್ಕಿತು. ಆ ಬಾಲ್ಕನಿಯಿಂದ ಏನು ಕಾಣುತ್ತದೆ ಎಂದು ಕೇಳಿ ಕೊಂಡವರು ಯಾರು? ಯಾರು ಮೊದಲು ಎಂಬ ವಾದಕ್ಕಿಂತ ಕೆಲಸಕ್ಕೆ ಬರುವ ಪ್ರಶ್ನೆ ಬೇರೆ ಇದೆ: ಆ ಗೋಡೆಯ ಆಚೆ ಏನಿಟ್ಟಿದ್ದಾರೆ? ಭೋಪಾಲದ ದುರಂತದ ನಂತರ 1987ರಲ್ಲಿ ಕಾರ್ಖಾನೆ ಕಾಯ್ದೆಯನ್ನು ತಿದ್ದಿ, ಅಪಾಯಕಾರಿ ಉದ್ಯಮ ತನ್ನ ಅಪಾಯವನ್ನೂ ಅದಕ್ಕಿರುವ ಉಪಾಯವನ್ನೂ ಕೆಲಸಗಾರರಿಗೆ ಮಾತ್ರವಲ್ಲ, ನೆರೆಯ ಜನರಿಗೂ ತಿಳಿಸಬೇಕೆಂದು ವಿಧಿಸಿದರು. ಕಾರ್ಖಾನೆಯ ಹೊರಗೆ ಪಾಲಿಸಬೇಕಾದ ತುರ್ತು ಯೋಜನೆಯೂ ಇರಬೇಕೆಂದು 1989ರ ನಿಯಮಗಳು ಹೇಳಿದವು. ಗ್ಯಾಸು ಸೋರಿದರೆ ಅದು ಬೀಸುವ ದಿಕ್ಕಿನಲ್ಲೇ ಓಡಬೇಡಿ, ಗಾಳಿಗೆ ಅಡ್ಡವಾಗಿ ಸರಿಯಿರಿ, ಒದ್ದೆ ಬಟ್ಟೆ ಮೂಗಿಗೆ ಹಿಡಿಯಿರಿ. ಇಷ್ಟನ್ನು ಹೇಳುವವರಿಲ್ಲದೆ ಭೋಪಾಲದಲ್ಲಿ ಜನ ಗ್ಯಾಸಿನ ಜೊತೆಜೊತೆಗೇ ಓಡಿದ್ದರು. ನಲವತ್ತು ವರ್ಷಗಳ ನಂತರ ನಿಮ್ಮ ಕಟ್ಟಡದ ನೋಟೀಸು ಬೋರ್ಡಿನಲ್ಲಿ ಮೇಂಟೆನೆನ್ಸ್ ಬಾಕಿಯ ಪಟ್ಟಿ ಇದೆ, ಕಾರು ನಿಲ್ಲಿಸುವ ಜಗಳದ ಪತ್ರವಿದೆ. ಈ ನಾಲ್ಕು ಸಾಲು ಇದೆಯೇ, ಇವತ್ತು ಮನೆಗೆ ಹೋಗುವಾಗ ನೋಡಿ.

ಗಾಳಿಯ ಲೆಕ್ಕ ಒಮ್ಮೆ ಸರಿಯಾಗಿ ಹಾಕಿದ್ದರು. 2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ 88 ಕೈಗಾರಿಕಾ ಪ್ರದೇಶಗಳಿಗೆ ಅಂಕ ಕೊಟ್ಟಿತು. 70 ದಾಟಿದರೆ ಅತಿ ಗಂಭೀರ. ಡೊಂಬಿವಲಿಗೆ 78.41, ನವಿಮುಂಬಯಿಗೆ 73.77. ಈ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದವನೇ ಫೇಲು. ಮರುವರ್ಷದ ಜನವರಿಯಲ್ಲಿ ಕೇಂದ್ರ ಸರಕಾರ ಅಂಥ 43 ಪ್ರದೇಶಗಳಲ್ಲಿ ಹೊಸ ಯೋಜನೆಗಳಿಗೆ ತಡೆ ಹಾಕಿತು. ತಡೆ ಬಂದದ್ದು ಅಂಕ ಇದ್ದುದರಿಂದ. ಆದರೆ ಆ ಅಂಕ ಗಾಳಿ, ನೀರು, ಮಣ್ಣಿನದು. ಅದೇ ಗಾಳಿಯನ್ನು ಇಪ್ಪತ್ತು ವರ್ಷ ಕುಡಿದವರ ಆಯುಷ್ಯ ಎಷ್ಟು ಕುಗ್ಗಿತು ಎಂಬ ಸ್ಥಳೀಯ ಲೆಕ್ಕ ಅದರ ಬೆನ್ನಿಗೆ ಬರಲಿಲ್ಲ. ಶಿಕಾಗೋ ವಿಶ್ವವಿದ್ಯಾಲಯದವರು 2025ರಲ್ಲಿ ಕೊಟ್ಟ ಅಂದಾಜಿನಂತೆ, ವಿಶ್ವ ಆರೋಗ್ಯ ಸಂಸ್ಥೆ ಹೇಳುವಷ್ಟು ಗಾಳಿ ಶುದ್ಧವಿದ್ದಿದ್ದರೆ ಭಾರತೀಯರು ಸರಾಸರಿ ಮೂರೂವರೆ ವರ್ಷ ಹೆಚ್ಚು ಬದುಕುತ್ತಿದ್ದರು. ಸೂಕ್ಷ್ಮ ಧೂಳಿಗೆ ಆ ಸಂಸ್ಥೆ ಹಾಕಿದ ಗೆರೆ ಘನಮೀಟರಿಗೆ 5 ಮೈಕ್ರೋಗ್ರಾಂ, ನಮ್ಮ ದೇಶದ ಗೆರೆ 40. ಅಂದರೆ ನಮ್ಮ ಕಾನೂನಿನ ಪ್ರಕಾರ ‘ಸರಿಯಾಗಿರುವ’ ಗಾಳಿಯೇ ಅವರ ಪ್ರಕಾರ ಎಂಟು ಪಟ್ಟು ಕೆಟ್ಟದ್ದು.

ಆಯುಷ್ಯದ ಸರಾಸರಿಯನ್ನು ನಾವು ತಪ್ಪಾಗಿ ಓದುತ್ತೇವೆ, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸ್ವಾತಂತ್ರ್ಯದ ಹೊತ್ತಿಗೆ ಭಾರತೀಯರ ಸರಾಸರಿ ಆಯುಷ್ಯ ಮೂವತ್ತೆರಡರಷ್ಟಿತ್ತು, 2016ರಿಂದ 2020ರ ಲೆಕ್ಕದಲ್ಲಿ ಅದು 70. ಮಹಾರಾಷ್ಟ್ರದ್ದು 72 ದಾಟಿದೆ. ಹಾಗೆಂದರೆ ಅಂದು ಜನ ಮೂವತ್ತೆರಡಕ್ಕೇ ಮುದುಕರಾಗಿ ಸಾಯುತ್ತಿದ್ದರು ಎಂದಲ್ಲ. ತೊಟ್ಟಿಲಲ್ಲೇ ಹೋದ ಮಕ್ಕಳು ಸರಾಸರಿಯನ್ನು ಕೆಳಗೆಳೆಯುತ್ತಿದ್ದರು. ಇಂದು ಅರವತ್ತು ಮುಟ್ಟಿದ ಭಾರತೀಯನಿಗೆ ಮುಂದೆ ಸರಾಸರಿ ಹದಿನೆಂಟು ವರ್ಷ ಉಳಿದಿರುತ್ತದೆ. ಆದ್ದರಿಂದ ಐವತ್ತೈದರಲ್ಲಿ ಹೋದವರ ಬಗ್ಗೆ ‘ಎಪ್ಪತ್ತಕ್ಕೆ ಹದಿನೈದೇ ಕಡಿಮೆ’ ಎಂದು ಸಮಾಧಾನ ಹೇಳಿಕೊಂಡರೆ ಲೆಕ್ಕ ತಪ್ಪಿದಂತೆ. ಹೋದದ್ದು ಇಪ್ಪತ್ತು ವರ್ಷಕ್ಕೂ ಹೆಚ್ಚು.

ಆದರೆ 72 ಇಡೀ ಮಹಾರಾಷ್ಟ್ರದ ಅಂಕಿ. ಗಡಚಿರೋಲಿಯೂ ಅದರಲ್ಲಿದೆ, ಮಲಬಾರ್ ಹಿಲ್ಲೂ ಇದೆ. ಇಪ್ಪತ್ತು ವರ್ಷಗಳ ಹಿಂದೆ ಲಂಡನ್ನಿನ ಆರೋಗ್ಯ ಇಲಾಖೆಯ ಮಂದಿ ಒಂದು ಕೆಲಸ ಮಾಡಿದರು. ಅಲ್ಲಿನ ಜುಬಿಲಿ ಲೈನಿನ ರೈಲು ನಕ್ಷೆ ತೆಗೆದು, ಒಂದೊಂದು ಸ್ಟೇಶನ್ನಿನ ಸುತ್ತಲಿನ ಜನರ ಸರಾಸರಿ ಆಯುಷ್ಯವನ್ನು ಅದರ ಮೇಲೆ ಬರೆದರು. ವೆಸ್ಟ್‌ಮಿನ್‌ಸ್ಟರಿನಿಂದ ಪೂರ್ವಕ್ಕೆ ಎಂಟು ಸ್ಟೇಶನ್ ದಾಟಿ ಕ್ಯಾನಿಂಗ್ ಟೌನಿಗೆ ಬರುವಷ್ಟರಲ್ಲಿ ಗಂಡಸರ ಆಯುಷ್ಯ ಸುಮಾರು ಆರು ವರ್ಷ ಇಳಿದಿತ್ತು. ರೈಲಿನಲ್ಲಿ ಅದು ಇಪ್ಪತ್ತು ನಿಮಿಷದ ದಾರಿ. ನಮ್ಮ ಸೆಂಟ್ರಲ್ ಲೈನಿಗೆ ಅಂಥ ನಕ್ಷೆ ಬರೆದರೆ ದಾದರ, ಮುಲುಂಡ, ಠಾಣೆ, ದಿವಾ, ಡೊಂಬಿವಲಿ, ಕಲ್ಯಾಣದ ಕೆಳಗೆ ಯಾವ ಅಂಕಿ ಬರುತ್ತಿತ್ತು? ಠಾಣೆಯ ಘೋಡ್‌ಬಂದರ್ ರಸ್ತೆಯ ಗೋಪುರಗಳಿಗೂ ಕಳ್ವಾದ ಗುಡ್ಡದ ಖೋಲಿಗಳಿಗೂ ನಡುವೆ ಎಷ್ಟು ವರ್ಷ? ಐರೋಲಿಯ ಕಂಪ್ಯೂಟರ್ ಕಚೇರಿಗೂ ಅದರ ಹಿಂದಿನ ಠಾಣೆ-ಬೇಲಾಪುರ ಕಾರ್ಖಾನೆ ಪಟ್ಟಿಗೂ ನಡುವೆ?

ಇಂಥ ಲೆಕ್ಕಕ್ಕೆ ಡಾಕ್ಟರೇ ಬೇಕೆಂದಿಲ್ಲ. ಸಾವುಗಳ ಪಟ್ಟಿಯಿಂದ ಆಯುಷ್ಯದ ಮೊದಲ ಕೋಷ್ಟಕ ಹೆಣೆದ ಜಾನ್ ಗ್ರಾಂಟ್ ಲಂಡನ್ನಿನ ಒಬ್ಬ ಜವಳಿ ವ್ಯಾಪಾರಿ. ಚರ್ಚುಗಳು ವಾರವಾರ ಹೊರಡಿಸುತ್ತಿದ್ದ ಸಾವಿನ ಪಟ್ಟಿಗಳನ್ನು ಕೂಡಿಸಿ, ಹುಟ್ಟಿದ ನೂರರಲ್ಲಿ 36 ಮಕ್ಕಳು ಆರು ವರ್ಷ ತುಂಬುವ ಮೊದಲೇ ಹೋಗುತ್ತವೆ ಎಂದು 1662ರಲ್ಲಿ ಅಚ್ಚುಹಾಕಿದ. ಹೆಣ ನೋಡಿ ಕಾರಣ ಬರೆಸಲು ಆಗ ವಯಸ್ಸಾದ ಹೆಂಗಸರನ್ನು ನೇಮಿಸುತ್ತಿದ್ದರು. ಒಂದು ಲೋಟ ಬಿಯರು, ಒಂದೆರಡು ಕಾಸು ಕೈಗೆ ಬಿದ್ದರೆ ನಾಚಿಕೆಯ ರೋಗದ ಹೆಸರು ಬದಲಾಗುತ್ತದೆ ಎಂದು ಗ್ರಾಂಟ್ ಗೊಣಗಿದ್ದಾನೆ. ವ್ಯಾಪಾರಿಗೆ ಕಳ್ಳಲೆಕ್ಕ ಬೇಗ ಗೊತ್ತಾಗುತ್ತದೆ. ಗಲ್ಲಾಪೆಟ್ಟಿಗೆಯ ಮುಂದೆ ಜೀವಮಾನ ಕಳೆದ ನಮ್ಮ ಜನಕ್ಕೂ ಆ ಗುಣ ಕಡಿಮೆಯೇನಿಲ್ಲ.

ಎಣಿಸಿದ್ದು ಹೇಗೆ ಸರಕಾರವನ್ನು ಅಲುಗಿಸುತ್ತದೆ ಎಂಬುದಕ್ಕೆ ನಮ್ಮ ಲೋಕಲ್ ಗಾಡಿಯೇ ಸಾಕ್ಷಿ. ಮುಂಬಯಿಯ ಉಪನಗರ ರೈಲುಗಳಲ್ಲಿ, ಹಳಿಗಳ ಮೇಲೆ ವರ್ಷಕ್ಕೆ ಸುಮಾರು 2,500 ಜನ ಸಾಯುತ್ತಾರೆ. ರೈಲ್ವೆ ಪೊಲೀಸರು ಪ್ರತಿ ಹೆಣಕ್ಕೂ ಸ್ಟೇಶನ್, ಹೊತ್ತು, ಕಾರಣವನ್ನು ಪುಸ್ತಕದಲ್ಲಿ ಬರೆಯುತ್ತಾರೆ. ಡೊಂಬಿವಲಿ, ಕೋಪರ್, ದಿವಾ, ಮುಂಬ್ರಾ ನಡುವೆ ಬೆಳಗಿನ ಗಾಡಿಗಳಿಂದ ಬೀಳುವವರ ಬಗ್ಗೆ ಪತ್ರಿಕೆಗಳು ಬರೆಯಲು, ಹೈಕೋರ್ಟಿನಲ್ಲಿ ವಕೀಲರು ವಾದಿಸಲು ಆ ಪುಸ್ತಕವೇ ಆಧಾರ. 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾದ ತಿರುವಿನಲ್ಲಿ ಎದುರುಬದುರಾಗಿ ಹಾದ ಎರಡು ಗಾಡಿಗಳ ಬಾಗಿಲಲ್ಲಿ ಜೋತಾಡುತ್ತಿದ್ದವರು ಒಬ್ಬರಿಗೊಬ್ಬರು ತಾಗಿ ಹಳಿಗೆ ಬಿದ್ದು ನಾಲ್ವರು ಅಂದೇ ಸತ್ತರು. ಹೊಸ ಗಾಡಿಗಳಿಗೆ ತಾನಾಗಿ ಮುಚ್ಚುವ ಬಾಗಿಲು ಎಂಬ ಮಾತನ್ನು ರೈಲ್ವೆ ಅಂದೇ ಆಡಿತು. ತಡವಾಗಿ ಆಡಿತು, ಆದರೂ ಆಡಿತು. ಇಪ್ಪತ್ತೈದರ ಹುಡುಗ ಗಾಡಿಯಿಂದ ಬಿದ್ದರೆ ಊರಿನ ಲೆಕ್ಕದಿಂದ ಒಂದೇ ಏಟಿಗೆ ಸುಮಾರು ಐವತ್ತು ವರ್ಷ ಅಳಿಸಿಹೋಗುತ್ತದೆ.

ಮನೆಯೊಳಗೆ, ಗಲ್ಲಾದ ಮೇಲೆ, ಅಡುಗೆ ಕೋಣೆಯಲ್ಲಿ ಕುಸಿಯುವವರಿಗೆ ಅಂಥ ಪುಸ್ತಕ ಬರೆಯುವ ಪೊಲೀಸನಿಲ್ಲ. ನನಗೆ ಹೆಚ್ಚು ಭಯವಿರುವುದು ಇಲ್ಲೇ.

ನಮ್ಮ ಸಮುದಾಯದ ಕತೆಯನ್ನು ಒಮ್ಮೆ ದೇಹದ ಕಡೆಯಿಂದ ನೋಡಿ. ಹನ್ನೆರಡು ಹದಿಮೂರರಲ್ಲಿ ಊರು ಬಿಟ್ಟು ಬಂದ ಹುಡುಗ. ಊರಲ್ಲಿ ಗಂಜಿ, ಮಳೆಗಾಲದಲ್ಲಿ ಅದೂ ನೀರು. ಇಲ್ಲಿ ಹೋಟೆಲಿನ ಕ್ಲೀನರು, ಆಮೇಲೆ ಮಾಣಿ, ರಾತ್ರಿಶಾಲೆ, ಆಮೇಲೆ ಗಲ್ಲಾ, ಅದೃಷ್ಟವಿದ್ದರೆ ಸ್ವಂತ ಹೋಟೆಲು. ದಿನಕ್ಕೆ ಹದಿನಾಲ್ಕು ಗಂಟೆ ನಿಂತ ಕಾಲು. ಗಂಟೆಗೊಂದು ಸಕ್ಕರೆ ಚಹಾ. ಊಟ ಮಧ್ಯಾಹ್ನ ನಾಲ್ಕಕ್ಕೆ, ಮತ್ತೆ ರಾತ್ರಿ ಹನ್ನೆರಡೂವರೆಗೆ, ಉಂಡ ಕೂಡಲೇ ಮಲಗುವುದು. ನಲವತ್ತರ ನಂತರ ಕೈಗೆ ದುಡ್ಡು, ಸೊಂಟಕ್ಕೆ ಬೊಜ್ಜು. ಹೊಟ್ಟೆಗಿಲ್ಲದ ಬಾಲ್ಯದ ಮೇಲೆ ಹೊಟ್ಟೆ ತುಂಬಿದ ನಡುವಯಸ್ಸು ಬಂದು ಕೂತರೆ ಹೃದಯಕ್ಕೆ ಏನಾಗುತ್ತದೆ? ಅದರ ಒಂದು ಸುಳಿವು ಸಿಕ್ಕಿದ್ದು ನಮ್ಮ ಮೈಸೂರಿನಲ್ಲೇ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ. ಅಲ್ಲಿ ಹುಟ್ಟಿದ ಪ್ರತಿ ಮಗುವಿನ ತೂಕವನ್ನು ದಾದಿಯರು 1930ರ ದಶಕದಿಂದಲೇ ಪುಸ್ತಕದಲ್ಲಿ ಬರೆದಿಟ್ಟಿದ್ದರು. 1934ರಿಂದ 1954ರ ನಡುವೆ ಹಾಗೆ ಹುಟ್ಟಿದ 517 ಮಂದಿಯನ್ನು ದಶಕಗಳ ನಂತರ ಹುಡುಕಿ ತೆಗೆದು, ಸಂಶೋಧಕರಾದ ಡೇವಿಡ್ ಬಾರ್ಕರ್ ಮತ್ತು ಕ್ಯಾರೊಲಿನ್ ಫಾಲ್ ಇದ್ದ ತಂಡ ಹೃದಯ ಪರೀಕ್ಷೆ ಮಾಡಿತು. ಎರಡೂವರೆ ಕಿಲೋದೊಳಗೆ ಹುಟ್ಟಿದವರಲ್ಲಿ ಶೇ. 11 ಮಂದಿಗೆ ಹೃದಯ ರಕ್ತನಾಳದ ರೋಗ, ಮೂರು ಕಿಲೋಗಿಂತ ಹೆಚ್ಚು ತೂಗಿ ಹುಟ್ಟಿದವರಲ್ಲಿ ಶೇ. 3. ವರದಿ 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಅದಕ್ಕೆ ಅರುವತ್ತು ವರ್ಷ ಮುಂಚೆ, ಆಸ್ಪತ್ರೆಯಿರುವ ಮಂಡಿ ಮೊಹಲ್ಲಾದಲ್ಲಿ ಯಾವುದೋ ದಾದಿ, ಯಾಕೆಂದು ತಿಳಿಯದೆಯೇ, ಶಾಯಿಯಲ್ಲಿ ಬರೆದ ಪೌಂಡು ಔನ್ಸುಗಳ ಬೆಲೆ ಅದು.

ಅಂದರೆ ನಮ್ಮ ತಲೆಮಾರಿಗೆ ಸಾಲ ಹುಟ್ಟುವಾಗಲೇ ಹತ್ತಿದೆ. ಬಡ್ಡಿ ಈಗ ಬೀಳುತ್ತಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆ 2023ರಲ್ಲಿ ಹೇಳಿದ್ದು: ದೇಶದಲ್ಲಿ ಸಕ್ಕರೆ ಕಾಯಿಲೆಯವರು 10.1 ಕೋಟಿ, ಅದರ ಹೊಸ್ತಿಲಲ್ಲಿ ನಿಂತವರು ಇನ್ನೂ 13.6 ಕೋಟಿ, ವಯಸ್ಕರಲ್ಲಿ ಶೇ. 35.5 ಮಂದಿಗೆ ಅಧಿಕ ರಕ್ತದೊತ್ತಡ. ಈ ಎರಡಕ್ಕೂ ಬಣ್ಣವಿಲ್ಲ, ಸದ್ದಿಲ್ಲ. ‘ನನಗೆ ಬಿ.ಪಿ. ಇಲ್ಲ’ ಎನ್ನುವವರನ್ನು ಕೊನೆಯ ಸಲ ಯಾವಾಗ ನೋಡಿಸಿದಿರಿ ಎಂದು ಕೇಳಿ. ಮಗಳ ಮದುವೆಗೆ ಮುಂಚೆ ಎನ್ನುತ್ತಾರೆ, ಮಗಳಿಗೆ ಈಗ ಶಾಲೆಗೆ ಹೋಗುವ ಮಗುವಿದೆ.

ಬಿಸಿಲನ್ನೂ ಇಲ್ಲಿ ಸೇರಿಸಬೇಕು. 2023ರ ಏಪ್ರಿಲ್ 16ರಂದು ಖಾರ್ಘರಿನ ಬಯಲಿನಲ್ಲಿ ನಡೆದ ಮಹಾರಾಷ್ಟ್ರ ಭೂಷಣ ಪ್ರಶಸ್ತಿ ಸಮಾರಂಭದಲ್ಲಿ ಬಿಸಿಲಿಗೆ ಕೂತು ಹದಿನಾಲ್ಕು ಮಂದಿ ಸತ್ತರು. ಕರಾವಳಿಯ ಬಿಸಿಲು ವಿದರ್ಭದ್ದರಂತೆ ಅಂಕಿಯಲ್ಲಿ ಏರುವುದಿಲ್ಲ. ಇಲ್ಲಿ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಬಯಲಲ್ಲಿ ಲಕ್ಷಾಂತರ ಜನ ಕೂತಾಗ ಕಂಡದ್ದು, ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ಕಾವಲಿಯ ಮುಂದೆ ನಿಂತ ದೋಸೆ ಭಟ್ಟನಿಗೆ ಮೇ ತಿಂಗಳ ಪ್ರತಿ ಮಧ್ಯಾಹ್ನವೂ ಆಗುತ್ತಿರುತ್ತದೆ. ಈಗ ಆ ಕಾವಲಿಯ ಮುಂದೆ ಇರುವವನು ಉಡುಪಿಯವನಲ್ಲ, ಒಡಿಶಾದವನೋ ಉತ್ತರ ಪ್ರದೇಶದವನೋ ಇರಬಹುದು. ಹೋಟೆಲು ನಮ್ಮದೇ.

ಕುಸಿದವರನ್ನು ಎಲ್ಲಿಗೆ ಒಯ್ಯುವುದು? 2011ರ ಜನಗಣತಿಗೇ ಹನ್ನೆರಡು ಲಕ್ಷ ದಾಟಿದ್ದ ಕಲ್ಯಾಣ-ಡೊಂಬಿವಲಿಯ ಪಾಲಿಕೆಗೆ ಇರುವ ದೊಡ್ಡ ಆಸ್ಪತ್ರೆಗಳು ಕಲ್ಯಾಣದ ರುಕ್ಮಿಣಿಬಾಯಿ, ಡೊಂಬಿವಲಿಯ ಶಾಸ್ತ್ರಿನಗರ. ಅಲ್ಲಿ ಆಗದಿದ್ದರೆ ಕಳ್ವಾ, ಅಲ್ಲೂ ಆಗದಿದ್ದರೆ ಮುಂಬಯಿಯ ಸಾಯನ್. ಹೀಗೆ ಸುತ್ತಲಿನ ಊರುಗಳ ಭಾರವೆಲ್ಲ ಬೀಳುವ ಕಳ್ವಾದ ಛತ್ರಪತಿ ಶಿವಾಜಿ ಮಹಾರಾಜ್ ಆಸ್ಪತ್ರೆಯಲ್ಲಿ 2023ರ ಆಗಸ್ಟಿನಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಹದಿನೆಂಟು ರೋಗಿಗಳು ಸತ್ತರು. ಹೃದಯಾಘಾತಕ್ಕೆ ಮೊದಲ ಗಂಟೆ ಮುಖ್ಯ ಎಂದು ಎಲ್ಲರಿಗೂ ಗೊತ್ತು. ಆ ಗಂಟೆಯನ್ನು ಕಲ್ಯಾಣ-ಶೀಳ್ ರಸ್ತೆಯ ಟ್ರಾಫಿಕ್ಕಿನಲ್ಲಿ ಕಳೆದವರೂ ನಮ್ಮಲ್ಲಿದ್ದಾರೆ.

ಸತ್ತ ಮೇಲೂ ಲೆಕ್ಕ ತಪ್ಪುತ್ತದೆ. ದೇಶದಲ್ಲಿ 2020ರಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯರು ಕಾರಣ ಬರೆದುಕೊಟ್ಟದ್ದು ಶೇ. 22.5ಕ್ಕೆ ಮಾತ್ರ. ಬರೆದಲ್ಲೂ ಎಷ್ಟೋ ಸಲ ‘ಹೃದಯ ಮತ್ತು ಉಸಿರಾಟ ನಿಂತದ್ದರಿಂದ’ ಎಂದಿರುತ್ತದೆ. ಯಾರದ್ದಾದರೂ ನಿಲ್ಲದೆ ಸಾವು ಬಂದದ್ದುಂಟೇ? ಅದು ಸಾವಿನ ವರ್ಣನೆ, ಕಾರಣವಲ್ಲ. ಅದರ ಕೆಳಗಿನ ಸಾಲಿನಲ್ಲಿ ಸಕ್ಕರೆ ಕಾಯಿಲೆಯೋ, ಮೂತ್ರಪಿಂಡ ಸೋತದ್ದೋ, ಹೊಗೆಯಿಂದ ಹಾಳಾದ ಶ್ವಾಸಕೋಶವೋ, ಇಲಿಜ್ವರವೋ ಬರಬೇಕು. ಜನನ ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿಯಂತೆ ಆ ಪ್ರಮಾಣಪತ್ರದ ಪ್ರತಿ ಹತ್ತಿರದ ಸಂಬಂಧಿಕರ ಕೈಗೂ ಬರಬೇಕು. ಕೇಳಿ ಪಡೆಯಿರಿ. ದುಃಖದ ಹೊತ್ತಿನಲ್ಲಿ ಇದೇನು ಎಂದು ಅನ್ನಿಸೀತು. ತಂದೆ ಯಾವ ಕಾಯಿಲೆಯಿಂದ ಹೋದರು ಎಂಬುದು ನಲವತ್ತರ ಮಗನ ಡಾಕ್ಟರಿಗೆ ಮೊದಲು ಬೇಕಾಗುವ ವಿಷಯ.

ಈ ಪಟ್ಟಿಯಲ್ಲಿ ನಮ್ಮ ಸಂಘಗಳಿಗೆ ಬರವಿಲ್ಲ. ಡೊಂಬಿವಲಿಯಲ್ಲಿ ಕರ್ನಾಟಕ ಸಂಘವಿದೆ, ವಾಶಿಯಲ್ಲಿ ಕನ್ನಡ ಸಂಘವಿದೆ, ಜಾತಿ ಸಂಘಗಳ ಸ್ಥಳೀಯ ಸಮಿತಿಗಳಿವೆ, ಶನಿಪೂಜಾ ಮಂಡಳಿಗಳಿವೆ, ಭಜನಾ ಮಂಡಳಿಗಳಿವೆ. ವರ್ಷಕ್ಕೊಮ್ಮೆ ಆರೋಗ್ಯ ಶಿಬಿರ ನಡೆಸುತ್ತಾರೆ, ಬ್ಯಾನರಿನ ಮುಂದೆ ಫೋಟೋ ಬರುತ್ತದೆ, ಅಳೆದ ಬಿ.ಪಿ. ಚೀಟಿ ಶರ್ಟಿನ ಜೇಬಿನಲ್ಲೇ ಒಗೆತಕ್ಕೆ ಹೋಗುತ್ತದೆ. ಶಿಬಿರ ಕಡಿಮೆಯಾದರೂ ಚಿಂತೆಯಿಲ್ಲ, ಚೀಟಿಯಲ್ಲಿ ಬರೆದದ್ದು ಪುಸ್ತಕಕ್ಕೆ ಏರಬೇಕು. ತಾಳಮದ್ದಳೆಗೆ ಬಂದವರನ್ನು ಬಾಗಿಲಲ್ಲೇ ಕೂರಿಸಿ ಒಂದು ನಿಮಿಷ ಬಿ.ಪಿ. ನೋಡಲಿ, ಅದೇ ಪುಸ್ತಕದಲ್ಲಿ ಮುಂದಿನ ಸಲದ ಅಂಕಿ ಹಿಂದಿನದರ ಪಕ್ಕ ಬರಲಿ. 140ರ ಮೇಲೆ ಎರಡು ಸಲ ಬಂದವರ ಮನೆಗೆ ಯಾರಾದರೂ ಫೋನು ಮಾಡಲಿ. ಗಂಡಸರ ಸೊಂಟ 90, ಹೆಂಗಸರದ್ದು 80 ಸೆಂಟಿಮೀಟರು ದಾಟಿತೇ ಎಂದು ನೋಡಲು ದರ್ಜಿಯ ಟೇಪು ಸಾಕು.

ಎರಡನೆಯ ಪುಸ್ತಕ ಸತ್ತವರದ್ದು. ಒಂದು ಸಂಘದ ಕಚೇರಿಯಲ್ಲಿ ಆಜೀವ ಸದಸ್ಯರ ರಿಜಿಸ್ಟರು ನೋಡಿದ್ದೆ. ಉದ್ದನೆಯ ಹಳೆಯ ಪುಸ್ತಕ, ಮುಂಚಿನ ಕಾರ್ಯದರ್ಶಿಗಳ ದುಂಡು ಅಕ್ಷರ. ಹೋದವರ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ, ಪಕ್ಕದಲ್ಲಿ ‘ದಿ.’ ಎಂದಷ್ಟೇ. ಯಾವಾಗ ಹೋದರು, ಎಷ್ಟು ವಯಸ್ಸು, ಏನಾಗಿತ್ತು, ಒಂದೂ ಇಲ್ಲ. ಗೆರೆ ಎಳೆದ ಕಾರ್ಯದರ್ಶಿಯನ್ನು ಕೇಳೋಣವೆಂದರೆ ಅವರ ಹೆಸರಿನ ಮೇಲೂ ಗೆರೆ ಇತ್ತು.

ಆ ಗೆರೆಯ ಪಕ್ಕದಲ್ಲಿ ಆರು ಕಾಲಂಗೆ ಜಾಗವಿದೆ. ಹುಟ್ಟಿದ ವರ್ಷ, ಹೋದ ತಾರೀಖು, ವಾಸದ ಸ್ಟೇಶನ್, ಎಷ್ಟು ವರ್ಷ ಅಲ್ಲಿದ್ದರು, ಏನು ಕೆಲಸ, ಪ್ರಮಾಣಪತ್ರದಲ್ಲಿ ಬರೆದ ಕಾರಣ. ಹೋಟೆಲಿನವರಾದರೆ ತಮ್ಮಲ್ಲಿ ದುಡಿದು ಹೋದವರ ಹೆಸರನ್ನೂ ಸೇರಿಸಲಿ, ಅವರು ಯಾವ ಭಾಷೆಯವರಾದರೂ. ಹತ್ತು ಸಂಘಗಳು ಐದು ವರ್ಷ ಹೀಗೆ ಬರೆದರೆ, ಡೊಂಬಿವಲಿಯ ಮಂಜುನಾಥ ವಿದ್ಯಾಲಯದಲ್ಲಿ ಓದಿ ಈಗ ಐರೋಲಿಯಲ್ಲಿ ಕಂಪ್ಯೂಟರ್ ಮುಂದೆ ಕೂತ ನಮ್ಮ ಯಾವ ಹುಡುಗಿಯಾದರೂ ಒಂದು ಭಾನುವಾರದಲ್ಲಿ ಅದನ್ನು ಸೆಂಟ್ರಲ್ ಲೈನಿನ ನಕ್ಷೆಯ ಮೇಲೆ ಇಳಿಸಿಕೊಡುತ್ತಾಳೆ. ನಕ್ಷೆ ಹಿಡಿದು ಪಾಲಿಕೆಗೆ, ಮಾಲಿನ್ಯ ಮಂಡಳಿಗೆ, ರೈಲ್ವೆಗೆ ಹೋಗುವವರು ಯಾರು ಎಂಬುದನ್ನು ಮುಂದಿನ ಮಹಾಸಭೆಯಲ್ಲಿ, ಲೆಕ್ಕಪತ್ರ ಮಂಡನೆಯ ನಂತರ, ಊಟಕ್ಕೆ ಏಳುವ ಮೊದಲು ಗೊತ್ತುಮಾಡಿಕೊಳ್ಳಬಹುದು.